ಹೆಪ್ಪು ಕೇಳಲು ಬಂದವರು

ಆ ವಾರ ನಮ್ಮ ಮನೆಗೆ ಹೆಪ್ಪು ಕೇಳಲು ಬಂದ ಹೆಂಗಸರನ್ನು ನೋಡಿದ್ದರೆ, ಇಡೀ ಹುಮನಾಬಾದಿನಲ್ಲಿ ನನ್ನ ಮನೆಯಲ್ಲಿ ಮಾತ್ರ ಮೊಸರಿದೆ ಎಂದು ನೀವು ತಿಳಿಯುತ್ತಿದ್ದಿರಿ. ಒಬ್ಬಳು ಬೆಳಿಗ್ಗೆ ಕಸ ಗುಡಿಸುವಾಗ ಬಂದಳು. ಇನ್ನೊಬ್ಬಳು ಉಣ್ಣಲು ಕೂತಾಗ. ಮತ್ತೊಬ್ಬಳು ನಾನು ತಲೆಗೆ ನೀರು ಹಾಕಿಕೊಂಡು ಕೂದಲು ಒಣಗಿಸುತ್ತಿದ್ದಾಗ ಬಾಗಿಲು ದೂಡಿಕೊಂಡು ನೇರ ಹಿತ್ತಲಿಗೇ ಬಂದಳು. ಎಲ್ಲರ ಸೆರಗಿನಡಿಯೂ ಒಂದು ಸಣ್ಣ ಬಟ್ಟಲು. ನಾನು ಬಟ್ಟಲಿಗೆ ಹೆಪ್ಪು ಹಾಕುತ್ತಿದ್ದರೆ ಅವರ ಕಣ್ಣು ಮಾತ್ರ ಬಟ್ಟಲ ಮೇಲೆ ಇರುತ್ತಿರಲಿಲ್ಲ. ಬಾವಿ, ಒಲೆ, ಕಟ್ಟಿಗೆ ಒಟ್ಟಿದ ಮೂಲೆ, ಬಾಗಿಲ ಸಂದಿ, ಎಲ್ಲವನ್ನೂ ಸುತ್ತಿ ಬರುತ್ತಿತ್ತು.

ನಮ್ಮ ಕಡೆ ಇದು ಹಳೆಯ ರೂಢಿ. ಒಂದು ಮನೆಗೆ ಹೆಣ್ಣು ಕೊಡುವ ಮುಂಚೆ, ಹೇಳದೆ ಕೇಳದೆ, ಯಾರೂ ಎಣಿಸದ ಹೊತ್ತಿನಲ್ಲಿ ಒಬ್ಬ ಹೆಂಗಸನ್ನು ಹೆಪ್ಪು ಬೇಕೆಂದೋ ಕೆಂಡ ಬೇಕೆಂದೋ ಕಳಿಸುತ್ತಾರೆ. ಬಟ್ಟಲು ತುಂಬುವಷ್ಟರಲ್ಲಿ ಅವಳು ಮನೆಯ ಗುಟ್ಟನ್ನೆಲ್ಲ ಬಗೆದು ತರುತ್ತಾಳೆ. ಮಡಿಸಿಟ್ಟ ಸೀರೆ ಉಟ್ಟು ಸಜ್ಜಾಗಿ ಕೂತವರ ಮನೆ ನೋಡಿ ಏನು ತಿಳಿಯುತ್ತದೆ? ನನ್ನನ್ನು ಕೊಡುವಾಗಲೂ ಕಲ್ಯಾಣದಿಂದ ನಮ್ಮ ಸೋದರತ್ತೆ ಇದೇ ಮನೆಗೆ ಕೆಂಡ ಕೇಳಲು ಬಂದಿದ್ದಳಂತೆ. ಈಗ ಅದನ್ನು ಬಸವಕಲ್ಯಾಣ ಎನ್ನುತ್ತಾರೆ, ಆಗ ನಮ್ಮ ಬಾಯಲ್ಲಿ ಬರೀ ಕಲ್ಯಾಣ. ಅಷ್ಟು ದೂರದಿಂದ ಕೆಂಡಕ್ಕೆ ಬಂದವಳನ್ನು ನೋಡಿ ನನ್ನ ಅತ್ತೆ ನಕ್ಕು, ಚಹಾ ಕೊಟ್ಟು ಕಳಿಸಿದ್ದರು.

ಆದರೆ ಈ ಸಲ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಸಂಜೆಯವರೆಗೆ ತಮ್ಮ ಮಕ್ಕಳನ್ನು ನನ್ನ ಹತ್ತಿರ ಬಿಡಬಹುದೋ ಬಾರದೋ ಎಂದು ನೋಡಿಕೊಂಡು ಹೋಗುತ್ತಿದ್ದರು.

ಪೊಲೀಸ್ ಆ್ಯಕ್ಷನ್ ಆದ ಮರುವರ್ಷದ ಮಾತು. ನನ್ನ ಗಂಡ ಅದಕ್ಕೂ ಮುಂಚಿನ ಬೇಸಿಗೆಯಲ್ಲಿ ವಾಂತಿಭೇದಿಗೆ ಹೋಗಿಬಿಟ್ಟಿದ್ದ. ಅತ್ತೆ ಮಾವ ಅವನಿಗಿಂತ ಮುಂಚೆಯೇ ಹೋಗಿದ್ದರು. ನನಗೆ ಉಳಿದದ್ದು ಶಾಲೆಯ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ಮನೆ, ಒಂದು ಹಿತ್ತಲು, ಹಿತ್ತಲಲ್ಲೊಂದು ಬಾವಿ, ಹಾಲು ಕೊಡುವ ಎಮ್ಮೆ. ಕಲ್ಯಾಣದಿಂದ ಬರುವ ಪ್ರತಿ ಬಂಡಿಯವನ ಬಾಯಲ್ಲೂ ಅಣ್ಣನ ಮಾತು ಬರುತ್ತಿತ್ತು. ಒಬ್ಬಳೇ ಅಲ್ಲಿ ಏನು ಮಾಡುತ್ತೀ, ಬಂದುಬಿಡು, ನಿನ್ನ ಅತ್ತಿಗೆಗೆ ಮತ್ತೆ ದಿನ ತುಂಬುತ್ತಿವೆ. ಅಣ್ಣ ಕೆಟ್ಟವನಲ್ಲ. ಆದರೆ ಹೋದರೆ ಏನು ಕಾದಿದೆ ಎಂದು ನನಗೆ ಗೊತ್ತಿತ್ತು. ಅಡುಗೆಮನೆಯ ಮೂಲೆಯಲ್ಲಿ ಒಂದು ಚಾಪೆ, ಬದುಕಿರುವವರೆಗೂ ಅವರಿವರ ಕೂಸಿನ ಬಟ್ಟೆ ಹಿಂಡುವುದು. ಬರುವುದಿಲ್ಲ ಎನ್ನಲು ಬಾಯಿ ಬರುತ್ತಿತ್ತು, ಕಾರಣ ಸಿಗುತ್ತಿರಲಿಲ್ಲ. ಗಂಡ ಸತ್ತ ಹೆಂಗಸು ಒಂದು ಮನೆಯಲ್ಲಿ ಒಬ್ಬಳೇ ಉಳಿಯಬೇಕಾದರೆ ಊರಿಗೆ ತೋರಿಸಲು ಒಂದು ಕಾರಣ ಬೇಕು. ಆ ಕಾರಣ ಮಕ್ಕಳ ರೂಪದಲ್ಲಿ ಬಂದು ನನ್ನ ಕಟ್ಟೆಯ ಮೇಲೆ ಕೂತಿತ್ತು.

ಮೊದಲು ಬಂದವಳು ದವಾಖಾನೆಯ ನರ್ಸಬಾಯಿಯ ಮಗಳು. ಎರಡನೆಯ ಇಯತ್ತೆ, ಮುಂದಿನ ಹಲ್ಲು ಬಿದ್ದಿತ್ತು. ಅಪ್ಪ ಸೊಲ್ಲಾಪುರದ ಗಿರಣಿಯಲ್ಲಿ. ಅಜ್ಜಿ ಮಧ್ಯಾಹ್ನ ಮಾಣಿಕನಗರದ ಮಠಕ್ಕೆ ಹೋದರೆ ಸಂಜೆ ಭಜನೆ ಮುಗಿಸಿಯೇ ಬರುವವಳು. ತಾಯಿಗೆ ದವಾಖಾನೆ ಬಿಡುವ ಹಾಗಿಲ್ಲ. ಬೀಗ ಹಾಕಿದ ಮನೆಯ ಮುಂದೆ ಕೂರುವ ಬದಲು ಹುಡುಗಿ ನನ್ನ ಕಟ್ಟೆಗೆ ಬಂದು ಕೂತಳು. ಅವಳ ಹಿಂದೆ ಬಳೆ ಮಾರುವ ಬೀಬಿಯ ಮಗ ಬಂದ. ಆಮೇಲೆ ಶೇಂಗಾ ಒಡೆಯಲು ಹೋಗುವವಳ ಇಬ್ಬರು ಹೆಣ್ಣುಮಕ್ಕಳು. ಎಲ್ಲರೂ ನನ್ನನ್ನು ಚಿಕ್ಕಮ್ಮನನ್ನು ಕರೆಯುವ ಹಾಗೆ ಕಾಕು ಎಂದು ಕರೆಯತೊಡಗಿದರು. ತಾಯಂದಿರು ಒಂದಿಷ್ಟು ಜೋಳ ಕೊಡುತ್ತೇವೆ ಎಂದರು. ಅಲ್ಲಿಂದ ಸುದ್ದಿ ಹಬ್ಬಿ ಹೆಪ್ಪಿನ ಮೆರವಣಿಗೆ ಶುರುವಾಯಿತು.

ನನಗೆ ಆ ದಿನಗಳಲ್ಲಿ ಕೂತರೆ ಕೂರಲಾಗುತ್ತಿರಲಿಲ್ಲ, ನಿಂತರೆ ನಿಲ್ಲಲಾಗುತ್ತಿರಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದೆ. ಯಾವಳಾದರೂ ಮುಖ ಗಂಟಿಕ್ಕಿಕೊಂಡು ಹೋದರೆ ಏನು ಕಂಡಿರಬಹುದು ಎಂದು ಅವಳು ನಿಂತಿದ್ದ ಜಾಗದಲ್ಲೇ ನಿಂತು ನನ್ನ ಮನೆಯನ್ನು ನಾನೇ ನೋಡುತ್ತಿದ್ದೆ. ಜೊತೆಗೆ ಸಿಟ್ಟೂ ಬರುತ್ತಿತ್ತು. ಇವರ ಮನೆಗಳಲ್ಲಿ ಬಾವಿಗೆ ಕಟ್ಟೆಯಿಲ್ಲ, ಒಲೆಯ ಪಕ್ಕದಲ್ಲೇ ಕೂಸು ಮಲಗಿಸುತ್ತಾರೆ, ಇವರು ನನ್ನ ಮನೆ ಪರೀಕ್ಷೆ ಮಾಡುವವರು ಎಂದು ಒಬ್ಬಳೇ ಗೊಣಗುತ್ತಿದ್ದೆ. ಎಮ್ಮೆ ಒಂದೇ ಕೇಳಿಸಿಕೊಳ್ಳುತ್ತಿತ್ತು.

ನರ್ಸಬಾಯಿ ಮಾತ್ರ ಬಟ್ಟಲು ತರಲಿಲ್ಲ. ಒಂದು ಬೆಳಿಗ್ಗೆ ಬಿಳಿ ಸೀರೆಯಲ್ಲಿ ಬಂದು ಬಾಗಿಲಲ್ಲೇ ಹೇಳಿದಳು.

"ನಾ ಹೆಪ್ಪ ಕೇಳಾಕ ಬಂದಿಲ್ಲ, ತಂಗಿ. ಮನಿ ನೋಡಾಕ ಬಂದೀನಿ."

ಆ ಒಂದು ಮಾತಿಗೆ ಅವಳ ಮೇಲೆ ಅರ್ಧ ಸಿಟ್ಟು ಇಳಿಯಿತು. ಉಳಿದರ್ಧ ಮುಂದಿನ ಹೊತ್ತಿನಲ್ಲಿ ಮತ್ತೆ ಏರಿತು. ನೀರಿನ ಕೊಡದ ಮುಚ್ಚಳ ತೆಗೆದು ಮೂಸಿದಳು. ಹಾಸಿಗೆ ಕೊಡವಿ ನೋಡಿದಳು. ಕಟ್ಟಿಗೆಯ ಒಟ್ಟು ಗೋಡೆಯಿಂದ ದೂರ ಇರಲಿ, ಚೇಳು ಇರುತ್ತವೆ ಎಂದಳು. ನನ್ನ ಕೈ ಹಿಡಿದು ಉಗುರು ತಿರುಗಿಸಿ ನೋಡಿದಾಗ ಮೈಯೆಲ್ಲ ಉರಿದುಹೋಯಿತು. ಮದುವೆಯ ಹೊತ್ತಿನಲ್ಲೂ ಯಾರೂ ನನ್ನ ಉಗುರು ನೋಡಿರಲಿಲ್ಲ. ಆದರೆ ಬೇರೆಯವರೆಲ್ಲ ಕೇಳಿದ್ದನ್ನು, ಹೇಗೆ ಕೇಳಬೇಕೆಂದು ತಿಳಿಯದೆ ಸುತ್ತಿ ಬಳಸಿ ಕೇಳಿದ್ದನ್ನು, ಅವಳು ಕೇಳಲಿಲ್ಲ. ಮಕ್ಕಳಾಗಲಿಲ್ಲವಲ್ಲ ನಿನಗೆ ಎನ್ನಲಿಲ್ಲ. ಕೊನೆಗೆ ಬಾವಿಯ ಹತ್ತಿರ ಬಹಳ ಹೊತ್ತು ನಿಂತು, ಇದರ ಬಾಯಿ ಮುಚ್ಚದೆ ನನ್ನ ಮಗಳನ್ನು ಬಿಡುವುದಿಲ್ಲ ಎಂದಳು.

ಬಾವಿಯ ಬಾಯಿಗೆ ಹಲಗೆ ಎಲ್ಲಿಂದ ತರಲಿ? ಘಾಟಬೋರಾಳದಿಂದ ಹೊಟ್ಟು ತಂದುಹಾಕುವ ರೈತನೊಬ್ಬ ಮುರಿದ ಬಂಡಿಯ ಗಾಲಿಯೊಂದನ್ನು ತಂದುಕೊಟ್ಟ. ಅದನ್ನು ನಾನೂ ಅವನೂ ಉರುಳಿಸಿಕೊಂಡು ಹೋಗಿ ಎತ್ತಿ ಬಾವಿಯ ಮೇಲೆ ಮಲಗಿಸಿದೆವು. ಸೆರಗು ಸೊಂಟಕ್ಕೆ ಬಿಗಿದು ನಾನು ಉಸಿರು ಹಿಡಿದು ಎತ್ತುತ್ತಿದ್ದರೆ, ಅದನ್ನು ನೋಡಲೆಂದೇ ಬಂದಿದ್ದ ನರ್ಸಬಾಯಿ ಎದುರಿಗೆ ನಿಂತು ನನ್ನನ್ನೇ ದಿಟ್ಟಿಸುತ್ತಿದ್ದಳು. ಗಾಲಿ ಕೂತಿತು. ಮಗು ಬೀಳುವ ಮಾತಿಲ್ಲ. ಕೊಡವೂ ಇಳಿಯುವ ಮಾತಿಲ್ಲ. ಅಂದಿನಿಂದ ಗಾಲಿಯ ಅಡ್ಡಕಡ್ಡಿಗಳ ಸಂದಿಯಲ್ಲಿ ತೂರುವ ಸಣ್ಣ ಚರಿಗೆಗೆ ಹಗ್ಗ ಕಟ್ಟಿ, ಎಮ್ಮೆಗೂ ಮನೆಗೂ ಬೇಕಾದ ನೀರನ್ನು ಚರಿಗೆ ಚರಿಗೆಯಾಗಿ ಸೇದಿದೆ. ಅಂಗೈ ಬೊಕ್ಕೆ ಎದ್ದವು. ನರ್ಸಬಾಯಿ ಅದನ್ನೂ ನೋಡಿದಳು. ಮರುದಿನದಿಂದ ಮಗಳನ್ನು ಕಳಿಸಿದಳು. ಅವಳು ಕಳಿಸಿದ್ದನ್ನು ನೋಡಿ ಉಳಿದವರೂ ಕಳಿಸಿದರು. ನಾನು ಗೆದ್ದೆ ಎಂದುಕೊಂಡೆ. ಅಣ್ಣನಿಗೆ, ಇಲ್ಲಿ ಕೈತುಂಬ ಕೆಲಸವಿದೆ, ಸದ್ಯಕ್ಕೆ ಬರಲಾಗುವುದಿಲ್ಲ ಎಂದು ಹೇಳಿ ಕಳಿಸಿದೆ.

ಮಕ್ಕಳು ಬರುವಾಗ ಎಲ್ಲರ ಕೆನ್ನೆಯ ಮೇಲೂ ಒಂದು ಕಾಡಿಗೆ ಬೊಟ್ಟು ಇರುತ್ತಿತ್ತು. ಮೊದಮೊದಲು ನನಗೆ ಅದು ಚೆಂದವೇ ಕಂಡಿತು. ತಾಯಂದಿರು ಎಷ್ಟು ಅಕ್ಕರೆಯಿಂದ ಸಿಂಗರಿಸಿ ಕಳಿಸುತ್ತಾರೆ ಎಂದುಕೊಂಡೆ. ಒಂದು ದಿನ ಎಮ್ಮೆಗೆ ಮೇವು ತರಲು ಹೋದವಳು ಓಣಿಯ ತಿರುವಿನಲ್ಲಿ ಅವರನ್ನು ಕಂಡೆ. ಶಾಲೆಯಿಂದ ಬಂದ ಮಕ್ಕಳೆಲ್ಲ ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು. ನರ್ಸಬಾಯಿಯ ಮಗಳ ಕೈಯಲ್ಲಿ ಒಂದು ಸಣ್ಣ ಡಬ್ಬಿ. ಒಬ್ಬೊಬ್ಬರ ಕೆನ್ನೆಗೆ ಬೆರಳಿನಿಂದ ಬೊಟ್ಟಿಟ್ಟು, ಕೊನೆಗೆ ತನಗೂ ಇಟ್ಟುಕೊಂಡಳು. ಬೀಬಿಯ ಮಗನಿಗೂ ಇಟ್ಟಳು.

ಇದೇನೆಂದು ಕೇಳಿದೆ. ಹುಡುಗಿಗೆ ಮುಚ್ಚಿಡುವುದು ಗೊತ್ತಿರಲಿಲ್ಲ.

"ನಿಮ್ಮ ಮನಿಗಿ ಬರೂಮುಂದ ಅಷ್ಟೇ ಹಚ್ಕೋಬೇಕ್ರಿ, ಕಾಕು. ಸಾಲಿಗಿ ಬ್ಯಾಡಂತ. ನಮ್ಮಾಯಿ ಹೇಳ್ಯಾಳ."

ಅಜ್ಜಿ ಹೇಳಿದ್ದಾಳೆ. ಗಂಡ ಸತ್ತವಳು, ಮೇಲೆ ಹೆರದವಳು, ಅವಳ ಕಣ್ಣು ಮಕ್ಕಳ ಮೇಲೆ ಬೀಳುತ್ತದೆ, ಅದಕ್ಕೆ ಬೊಟ್ಟು. ಬಾವಿಗೆ ಗಾಲಿ ಇಟ್ಟ ಹಾಗೆ ನನಗೂ ಒಂದು ಮುಚ್ಚಳ ಇಟ್ಟಿದ್ದರು, ನನಗೆ ಗೊತ್ತೇ ಆಗಿರಲಿಲ್ಲ. ಆ ಸಂಜೆ ಮಕ್ಕಳ ಜೊತೆ ಚೌಕಾಬಾರ ಆಡಲಿಲ್ಲ. ಯಾರ ಮುಖವನ್ನೂ ನೇರ ನೋಡಲಿಲ್ಲ. ನೋಡಿದರೆ ನನ್ನ ಕಣ್ಣು ತಾಗುತ್ತದಲ್ಲ ಎಂದು ನನಗೇ ಅಂಜಿಕೆ. ಅಷ್ಟು ಅವಮಾನ ನನಗೆ ಗಂಡ ಸತ್ತಾಗಲೂ ಆಗಿರಲಿಲ್ಲ.

ಯಾಕೆಂದರೆ ನಾನು ಹೆರದವಳಲ್ಲ. ಹುಮನಾಬಾದಿಗೆ ಗೊತ್ತಿರಲಿಲ್ಲ, ಅಷ್ಟೆ. ಮದುವೆಯಾದ ಮೂರನೆಯ ವರ್ಷ, ಹೊಟ್ಟೆ ಕಾಣುವ ಮುಂಚೆಯೇ ಕಲ್ಯಾಣಕ್ಕೆ ಹೋಗಿ, ತವರುಮನೆಯಲ್ಲಿ ಹೆತ್ತಿದ್ದೆ. ಕೂಸು ತೊಟ್ಟಿಲಿಗೆ ಹಾಕುವ ದಿನದವರೆಗೂ ಉಳಿಯಲಿಲ್ಲ. ಹೆಸರಿಡುವ ಮುಂಚೆ ಹೋದ ಕೂಸನ್ನು ನಮ್ಮಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೆ ಸೂತಕವಿಲ್ಲ, ಅಳು ಇಲ್ಲ, ಮಾತೂ ಇಲ್ಲ. ಅವ್ವ ನನ್ನ ಎದೆಗೆ ಬಟ್ಟೆ ಬಿಗಿದು ಕಟ್ಟಿ, ಇನ್ನು ಇದರ ಸುದ್ದಿ ಎತ್ತಬೇಡ, ಎತ್ತಿದರೆ ಮುಂದಿನದು ನಿಲ್ಲುವುದಿಲ್ಲ ಎಂದಳು. ಮುಂದಿನದು ಆಗಲೇ ಇಲ್ಲ. ಗಂಡನೂ ಎಂದೂ ಎತ್ತಲಿಲ್ಲ. ಈಗ ಊರಿಗೆಲ್ಲ ಕೂಗಿ ಹೇಳಬಹುದಿತ್ತು, ನಾನೂ ಹೆತ್ತಿದ್ದೇನೆ ಎಂದು. ಹೇಳಿದರೆ ಇನ್ನೂ ಕೆಡುತ್ತಿತ್ತು. ಹೆರದವಳಾದರೆ ಒಂದು ಬೊಟ್ಟು ಸಾಕು. ಹೆತ್ತು ಕಳೆದುಕೊಂಡವಳ ಮಡಿಲ ಹತ್ತಿರ ಯಾವ ತಾಯಿಯೂ ಕೂಸನ್ನು ಬಿಡುವುದಿಲ್ಲ. ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡು, ಬೊಟ್ಟಿನ ಮಕ್ಕಳಿಗೆ ಸಂಜೆಯ ರೊಟ್ಟಿ ಹಚ್ಚಿಕೊಟ್ಟೆ.

ಹೋಳಿ ಹತ್ತಿರ ಬಂದಿದ್ದ ದಿನಗಳಲ್ಲಿ ಅದು ನಡೆಯಿತು. ನಾನು ಒಳಗೆ ಬೇಳೆ ಆರಿಸುತ್ತಿದ್ದೆ. ಮಕ್ಕಳು ಹಿತ್ತಲಲ್ಲಿ ಇದ್ದರು. ನರ್ಸಬಾಯಿಯ ಮಗಳು ಹೊಟ್ಟೆ ಹಿಡಿದುಕೊಂಡು ಬಂದು ಹೊಸ್ತಿಲಲ್ಲೇ ವಾಂತಿ ಮಾಡಿಕೊಂಡಳು. ಬಾಯಿ ತೊಳೆಸಿದೆ, ಮತ್ತೆ ಮಾಡಿಕೊಂಡಳು. ವಾಂತಿ ಎಂದರೆ ನನಗೆ ಗಂಡನ ಕೊನೆಯ ದಿನವೇ ಕಣ್ಣಿಗೆ ಕಟ್ಟುತ್ತದೆ. ಎತ್ತಿಕೊಳ್ಳಲು ಬಗ್ಗಿದಾಗ ಅವಳ ಲಂಗದ ಮಡಿಲಿಂದ ಕಪ್ಪು ಬೀಜಗಳು ಉದುರಿದವು. ಕೆಲವು ಒಡೆದಿದ್ದವು, ಕೆಲವಕ್ಕೆ ಹಲ್ಲಿನ ಗುರುತು. ಉಳಿದವರನ್ನು ಗದರಿಸಿ ಕೇಳಿದೆ. ಬೇಲಿಯಲ್ಲಿ ಬಿಟ್ಟಿದ್ದವಂತೆ, ಶೇಂಗಾದ ಹಾಗೆ ರುಚಿಯಂತೆ, ಅವಳೊಬ್ಬಳೇ ತಿಂದಳಂತೆ.

ಹಿತ್ತಲ ಬೇಲಿ ಕಾಡು ಔಡಲದ್ದು, ಕಾಡು ಹರಳು ಎನ್ನುತ್ತಾರಲ್ಲ ಅದು, ಬೀಜ ವಿಷ. ದನ ಬಾಯಿ ಹಾಕುವುದಿಲ್ಲ ಎಂದೇ ಎಲ್ಲರೂ ಅದನ್ನು ನೆಡುತ್ತಾರೆ. ಅದರ ಕಡ್ಡಿ ಮುರಿದು ಹಾಲಿನಿಂದ ಗುಳ್ಳೆ ಊದುವುದು ನಾವೆಲ್ಲ ಆಡಿದ ಆಟ. ಅಷ್ಟೊಂದು ಜನ ಬಂದು ನನ್ನ ಮನೆ ನೋಡಿದರು, ಬಾವಿ ನೋಡಿದರು, ಉಗುರು ನೋಡಿದರು. ಬೇಲಿಯನ್ನು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಎಲ್ಲರ ಮನೆಯಲ್ಲೂ ಇದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಬೀಜಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಹುಡುಗಿಯನ್ನು ಹೆಗಲಿಗೆ ಹಾಕಿಕೊಂಡು ಓಡಿದೆ. ಉಳಿದ ಮಕ್ಕಳು ಅಳುತ್ತಾ ಹಿಂದೆ ಬಂದರು. ಬಜಾರಿನ ನಡುವೆ ಹಾದು ಹೋಗುವಾಗ ಅಂಗಡಿಯವರು ಎದ್ದು ನಿಂತು ನೋಡಿದರು. ದವಾಖಾನೆಯಲ್ಲಿ ಮಗಳನ್ನು ನರ್ಸಬಾಯಿಯ ಕೈಗೆ ಕೊಟ್ಟು, ಸೆರಗಿನ ಗಂಟು ಬಿಚ್ಚಿ ಬೀಜ ತೋರಿಸಿದೆ. ಅವಳ ಮುಖ ಬಿಳಿಚಿಕೊಂಡಿತು. ಹುಡುಗಿಯನ್ನು ಒಳಗೆ ಒಯ್ದಳು.

ನಾನು ಪಡಸಾಲೆಯಲ್ಲಿ ನಿಂತೆ. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ತಿರುಗಾಡಿದೆ. ಒಳಗಿಂದ ಹುಡುಗಿ ವಾಂತಿ ಮಾಡುವ ಸದ್ದು ಬಂದಾಗಲೆಲ್ಲ ಬಾಗಿಲ ಹತ್ತಿರ ಹೋಗಿ ಕಿವಿಗೊಡುತ್ತಿದ್ದೆ. ಅಷ್ಟರಲ್ಲಿ ಸುದ್ದಿ ಮುಟ್ಟಿ ತಾಯಂದಿರು ಬಂದು ತಮ್ಮ ತಮ್ಮ ಮಕ್ಕಳನ್ನು ಎಳೆದು ಸೀರೆಯಲ್ಲಿ ಮುಚ್ಚಿಕೊಂಡರು. ಮಾಣಿಕನಗರದಿಂದ ಹುಡುಗಿಯ ಅಜ್ಜಿಯೂ ಬಂದಳು. ಅವಳು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ನಾನೂ ಬಾಯಿ ಮಾಡುತ್ತಿದ್ದೆ. ಹತ್ತಿರ ಬಂದು, ಗೋಗರೆಯುವ ದನಿಯಲ್ಲಿ ಕೈ ಚಾಚಿದಳು.

"ನಿನ್ನ ಸೀರಿದು ಒಂದು ಎಳಿ ಕೊಡವ್ವಾ. ಸುಟ್ಟು ನೀವಳಿಸ್ತೀನಿ. ಕೂಸು ಉಳೀತದ."

ದೃಷ್ಟಿ ಹಾಕಿದವರ ಸೀರೆಯ ಎಳೆ ಸುಟ್ಟರೆ ದೃಷ್ಟಿ ಇಳಿಯುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸಾಮಾನ್ಯವಾಗಿ ಅದನ್ನು ಕೇಳಿ ಪಡೆಯುವುದಿಲ್ಲ. ಒಣಹಾಕಿದ ಸೀರೆಯಿಂದ ಕದ್ದು ಕಿತ್ತುಕೊಳ್ಳುತ್ತಾರೆ. ಈ ಮುದುಕಿ ಎಲ್ಲರೆದುರು ಕೇಳುತ್ತಿದ್ದಳು. ಕೊಟ್ಟರೆ, ಹೌದು, ನನ್ನ ಕಣ್ಣೇ ಎಂದು ಒಪ್ಪಿಕೊಂಡಂತೆ. ಆಮೇಲೆ ಈ ಊರಿನಲ್ಲಿ ನನ್ನ ಹತ್ತಿರ ಯಾವ ಮಗುವೂ ಸುಳಿಯುವುದಿಲ್ಲ, ಕಲ್ಯಾಣದ ಚಾಪೆಯೇ ಗತಿ. ಬೀಜದ ಕೆಲಸ ಎಂದು ನನಗೆ ಗೊತ್ತಿತ್ತು. ಸೆರಗಿನ ಗಂಟಿನಲ್ಲಿ ಬೀಜ ಇನ್ನೂ ಒಂದೆರಡು ಇದ್ದವು. ಆದರೂ ಒಳಗೊಳಗೆ ಒಂದು ಹುಳು ಕೊರೆಯುತ್ತಿತ್ತು. ಒಂದು ಕೂಸು ನನ್ನ ಮಡಿಲಲ್ಲೇ ತಣ್ಣಗಾಗಿತ್ತಲ್ಲ. ಯಾರಿಗೆ ಗೊತ್ತು?

ಎಳೆ ಕೀಳಲಿಲ್ಲ. ಸೆರಗಿನ ಅಂಚನ್ನೇ ಹಲ್ಲಿನಿಂದ ಕಚ್ಚಿ, ಉದ್ದಕ್ಕೆ ಹರಿದು ಮುದುಕಿಯ ಕೈಗೆ ಕೊಟ್ಟೆ. ಸುಡಿ, ಎಷ್ಟು ಬೇಕೋ ಅಷ್ಟು ಸುಡಿ ಎಂದು ಹೇಳಿ, ಹರಿದ ಸೆರಗನ್ನೇ ಹೊದ್ದುಕೊಂಡು ಮನೆಗೆ ಬಂದೆ.

ಹುಡುಗಿ ಮರುದಿನ ಬೆಳಗಾಗುವಷ್ಟರಲ್ಲಿ ಎದ್ದು ಕೂತಳು. ನರ್ಸಬಾಯಿ ಅವಳ ಪಕ್ಕ ಬಿಡದೆ ಕೂತು ನೀರು ಕುಡಿಸಿದ್ದು ಯಾರಿಗೂ ನೆನಪಿರಲಿಲ್ಲ. ನನ್ನ ಸೆರಗಿನ ಅಂಚು ಸುಟ್ಟಾಗ ದೃಷ್ಟಿ ಇದ್ದರೆ ಬರುವ ಕವಟು ನಾತ ಬಂತು, ಹುಡುಗಿ ಕಣ್ಣು ಬಿಟ್ಟಳು ಎಂಬುದೇ ಊರೆಲ್ಲ ಸುದ್ದಿ. ಆ ಸಂಜೆ ಶಾಲೆಯ ಗಂಟೆ ಹೊಡೆಯಿತು. ಬಾಗಿಲಲ್ಲಿ ನಿಂತೆ. ಮಕ್ಕಳ ಗದ್ದಲ ಓಣಿಯ ತಿರುವಿನವರೆಗೆ ಬಂದು, ಬೇರೆ ಕಡೆಗೆ ಹೋಗಿಬಿಟ್ಟಿತು. ಕುಡುಗೋಲು ತೆಗೆದುಕೊಂಡು ಹೋಗಿ ಬೇಲಿ ಕಡಿಯತೊಡಗಿದೆ. ಕುಡುಗೋಲಿಗೆ ಬಗ್ಗದ್ದನ್ನು ಕೈಯಿಂದ ಕಿತ್ತೆ. ಸೀರೆಗೆಲ್ಲ ಹಾಲು ಸಿಡಿದು ಕಲೆಯಾಯಿತು. ಇನ್ನು ಯಾರ ಮಕ್ಕಳು ತಿನ್ನುತ್ತಾರೆ ಎಂದು ಬೇಲಿ ಕೀಳುತ್ತೀ ಎಂದು ಪಕ್ಕದ ಮನೆಯವಳು ಗೋಡೆಯ ಮೇಲಿಂದ ಕೇಳಿದಳು. ನಾನು ಕೀಳುತ್ತಲೇ ಇದ್ದೆ.

ಸುದ್ದಿ ಕಲ್ಯಾಣಕ್ಕೂ ಮುಟ್ಟಿತು. ಮುಂದಿನ ಸಂತೆಯ ದಿನ ಅಣ್ಣನೇ ಬಂಡಿ ಕಟ್ಟಿಕೊಂಡು ಬಂದ. ಮನೆಗೆ ಬೀಗ ಹಾಕು, ಎಮ್ಮೆಗೆ ಗಿರಾಕಿ ನಾನು ನೋಡುತ್ತೇನೆ ಎಂದ. ನನ್ನ ಹತ್ತಿರ ಹಟ ಉಳಿದಿರಲಿಲ್ಲ. ಸೀರೆ ಪಾತ್ರೆ ಗಂಟು ಕಟ್ಟಿದೆ. ಅವನು ಗಂಟನ್ನು ಬಂಡಿಗೆ ಹಾಕಿ, ಎತ್ತುಗಳಿಗೆ ನೀರು ಕುಡಿಸಿ, ಕಟ್ಟೆಯ ಮೇಲೆ ಕೂತ. ನಾನು ಒಳಗೆ ಹೋದೆ, ಹೊರಗೆ ಬಂದೆ, ಬೀಗ ಎಲ್ಲಿ ಎಂದು ಹುಡುಕಿದೆ. ಬೀಗ ಕೈಯಲ್ಲೇ ಇತ್ತು.

ಆಗ ನರ್ಸಬಾಯಿ ಬಂದಳು, ಮಗಳ ಕೈ ಹಿಡಿದುಕೊಂಡು. ಬಂಡಿ ನೋಡಿದಳು, ಗಂಟು ನೋಡಿದಳು. ಮಗಳನ್ನು, ಹೋಗು, ಎಮ್ಮೆಗೆ ಹುಲ್ಲು ಹಾಕು ಎಂದು ಹಿತ್ತಲಿಗೆ ಕಳಿಸಿ, ನನ್ನ ಹೊಸ್ತಿಲಲ್ಲಿ ಕೂತಳು. ಬೇಲಿ ನಾನೂ ನೋಡಲಿಲ್ಲ ಎಂದಳು. ನೀನು ಬೀಜ ಕಟ್ಟಿಕೊಂಡು ಬರದಿದ್ದರೆ ವಾಂತಿಭೇದಿ ಎಂದೇ ತಿಳಿದು ಬೇರೇನೋ ಮಾಡುತ್ತಿದ್ದೆ ಎಂದಳು. ಬೊಟ್ಟು ಅತ್ತೆಯ ಕೆಲಸ, ಗೊತ್ತಿದ್ದೂ ಮನೆಯಲ್ಲಿ ಜಗಳ ಬೇಡವೆಂದು ಸುಮ್ಮನಿದ್ದೆ ಎಂದಳು. ನಾಳೆಯಿಂದ ಮಗಳು ಇಲ್ಲಿಗೇ ಬರುತ್ತಾಳೆ, ಯಾರು ಏನೇ ಅನ್ನಲಿ ಎಂದಳು.

ನನಗೆ ಖುಷಿಯಾಗಬೇಕಿತ್ತು, ಸಿಟ್ಟು ಬಂತು. ಹೆರದವಳ ಹತ್ತಿರ ಯಾಕೆ ಬಿಡುತ್ತೀರಿ, ಬೇರೆ ಯಾರಾದರೂ ಸಿಗುತ್ತಾರೆ ಎಂದೆ. ಅವಳು ದನಿ ತಗ್ಗಿಸಿದಳು.

"ಗಾಲಿ ಎತ್ತೂ ದಿನಾನೇ ನಿನ್ನ ಹೊಟ್ಟಿ ಮ್ಯಾಲಿನ ಗೆರಿ ನೋಡೀನಿ, ತಂಗಿ. ದಿನಾ ಅದೇ ಕೆಲಸ ನಂದು. ನೀ ಹಡದೀದಿ, ಕಳಕೊಂಡೀದಿ. ಗೊತ್ತಿದ್ದೇ ಹುಡುಗೀನ ಬಿಟ್ಟೀನಿ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಕಟ್ಟೆಯ ಮೇಲಿದ್ದ ಅಣ್ಣನ ಕಿವಿಗೂ ಆ ಮಾತು ಬಿದ್ದಿತ್ತು. ಅವನು ತಲೆ ತಗ್ಗಿಸಿದ.

"ಗಂಡೋ, ಹೆಣ್ಣೋ?" ಎಂದು ನರ್ಸಬಾಯಿ ಕೇಳಿದಳು.

ಅಷ್ಟು ವರ್ಷಗಳಲ್ಲಿ ಈ ಭೂಮಿಯ ಮೇಲೆ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಗಂಡು ಎಂದೆ. ತಲೆತುಂಬ ಕೂದಲಿತ್ತು ಎಂದೆ. ಬೆರಳು ಕೊಟ್ಟರೆ ಬಿಗಿಯಾಗಿ ಹಿಡಿಯುತ್ತಿದ್ದ ಎಂದೆ. ಅಳುತ್ತಿದ್ದೆನೋ ಇಲ್ಲವೋ ಗೊತ್ತಾಗಲಿಲ್ಲ, ಮುಖವೆಲ್ಲ ಒದ್ದೆಯಾಗಿತ್ತು. ಯಾರ ಹಾಗಿದ್ದ, ಗಂಡನ ಹಾಗೋ ಎಂದು ಅವಳು ಮತ್ತೆ ಕೇಳಿದಳು. ನಾನು ಬಾಯಿ ತೆರೆಯುವ ಮುಂಚೆ ಅಣ್ಣ ಮಾತಾಡಿದ. ಅಂದು ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಮಣ್ಣಿಗೆ ಒಯ್ದವನು ಅವನೇ. ಅಂದಿನಿಂದ ನನ್ನೆದುರು ಅದರ ಒಂದು ಮಾತು ಆಡಿದವನಲ್ಲ.

"ಇಕೀ ಹ್ಯಾಂಗೇ ಇದ್ದನ್ರಿ, ಬಾಯಾರ," ಎಂದ. "ಮೂಗು, ಗದ್ದ, ಎಲ್ಲಾ ಇಕೀದೇ. ದಾರೀ ತುಂಬಾ ನೋಡ್ಕೊಂತ ಹೋಗೀನಿ."

ಇಷ್ಟು ಹೇಳಿ ಅವನು ಎದ್ದ. ಬಂಡಿಯ ಹತ್ತಿರ ಹೋಗಿ ನನ್ನ ಗಂಟನ್ನು ಕೆಳಗಿಳಿಸಿ, ತಂದು ಕಟ್ಟೆಯ ಮೇಲಿಟ್ಟ.